ಚರ್ಚಿನ ಹೊಸಿಲಿಗೆ ಅರಿಶಿನ

ಮಗಳಿರುವ ಪರದೇಶದಲ್ಲಿ, ವುಡಿನ್‌ವಿಲ್ ಅನ್ನುವ ಊರಿನ ಹತ್ತಿರದ ಒಂದು ಹಳೇ ಮರದ ಚರ್ಚನ್ನು ನಮ್ಮವರೆಲ್ಲ ಸೇರಿ ಕೊಂಡು ದೇವಸ್ಥಾನ ಮಾಡಿದರು. ನೂರು ವರ್ಷ ದಾಟಿದ ಕಟ್ಟಡ. ಹಿಂದುಗಡೆ ಅಡುಗೆಮನೆ, ಬಚ್ಚಲು ಬೇಕಾದರೆ ಹೊಸದಾಗಿ ಕಟ್ಟಿಕೊಳ್ಳಿ, ಮುಂಬಾಗಿಲು ಮಾತ್ರ ಇದ್ದ ಹಾಗೇ ಇರಬೇಕು ಎಂದು ಹಳೇ ಕಟ್ಟಡಗಳನ್ನು ಕಾಯುವ ಊರಿನ ಆಫೀಸಿನವರು ಹೇಳಿದ್ದರು. ಅವರ ಹಿಂದೆ ಅಲೆದು ಒಪ್ಪಿಗೆ ತಂದವಳು ನನ್ನ ಮಗಳು. "ಅಮ್ಮ, ಬಾಗ್ಲಿಗೆ ಮೊಳೆ ಹೊಡೀಬಾರ್ದು, ಪೇಂಟ್ ಹಚ್ಬಾರ್ದು" ಎಂದು ನನಗೂ ಹೇಳಿದ್ದಳು. ಅರಿಶಿನವನ್ನು ಯಾರು ಪೇಂಟ್ ಅನ್ನುತ್ತಾರೆ?

ದೇವರು ಒಳಗೆ ಬರುವ ದಿನ. ಆಫೀಸಿನ ಹೆಂಗಸು ಬೆಳಿಗ್ಗೆ ಬಂದು ನೋಡಿ ಸರಿ ಅಂದರೆ ಮುಂಬಾಗಿಲು ತೆರೆಯಬಹುದಿತ್ತು. ಹೊಸಿಲು ಬೋಳಾಗಿತ್ತು. ಬೋಳು ಹೊಸಿಲು ದಾಟಿ ದೇವರು ಬರುವುದು ಹೇಗೆ? ಎಣ್ಣೆಯಲ್ಲಿ ಅರಿಶಿನ ಕಲಸಿ ಕೈತುಂಬ ಬಳಿದೆ. ಒಣಮರ, ಗಟಗಟ ಕುಡಿಯಿತು.

"ಅಯ್ಯೋ, ಏನಮ್ಮ ಮಾಡ್ಬಿಟ್ಟೆ!" ಮಗಳು ಓಡಿಹೋಗಿ ಬಕೆಟ್ಟಿನಲ್ಲಿ ಸೋಪಿನ ನೀರು ತಂದಳು. ಇಬ್ಬರೂ ಕೂತು ತಿಕ್ಕಿದೆವು. ಹಳದಿ ಹೋಗಲಿಲ್ಲ, ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಎಷ್ಟು ಆರತಿಗೆ ಓಕುಳಿ ಮಾಡಿಲ್ಲ ನಾನು? ಸೋಪಿಗೂ ಹಾಗೇ ಆಗುತ್ತದೆ ಎಂದು ಆಗ ಹೊಳೆಯಲಿಲ್ಲ. ಚರ್ಚಿನ ಬಾಗಿಲಲ್ಲಿ ಕುರಿ ಕಡಿದ ಹಾಗೆ ಕಂಡಿತು.

"ಏನ್ ಅಜ್ಜಿ, ಮಾರಮ್ಮನ್ನ ಕರೆದಿದೀವಿ ಅನ್ಕೊಂಡ್ರಾ?" ಎಂದರು ಹಾರ ಹಿಡಿದು ನಿಂತಿದ್ದ ಒಬ್ಬರು. ನಾಲ್ಕು ಜನ ನಕ್ಕರು. ಮಗಳು ನಗಲಿಲ್ಲ.

ಅಷ್ಟರಲ್ಲಿ ಆಫೀಸಿನ ಹೆಂಗಸು ಬಂದಳು. ಕುಕ್ಕರಗಾಲಲ್ಲಿ ಕೂತು ಮರ ಮುಟ್ಟಿ, ಬೆರಳು ಮೂಸಿದಳು. ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು; ನನಗೆ ತಿಳಿದದ್ದು 'ಮದರ್' ಅನ್ನುವುದೊಂದೇ. ಆಕೆ ನನ್ನ ಕಡೆ ತಿರುಗಿ, ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ನಗುತ್ತಾರಲ್ಲ, ಹಾಗೆ ನಕ್ಕಳು. ಬೈದಿದ್ದರೆ ಬಾಯಿಗೆ ಬಾಯಿ ಕೊಡುತ್ತಿದ್ದೆ.

"ಏನಂದ್ಲು?"

"ಮರದ ವಿಷಯ ಗೊತ್ತಿರೋರು ಬಂದು ನೋಡೋವರ್ಗೂ ಯಾರೂ ಇದನ್ನ ತುಳೀಬಾರ್ದಂತೆ. ಹಿಂದಿನ ಬಾಗ್ಲು ಯೂಸ್ ಮಾಡಿ ಅಂದ್ರು."

"ದೇವ್ರನ್ನೂ?"

"ದೇವ್ರನ್ನೂನಮ್ಮ."

ದೇವರನ್ನು ಬಚ್ಚಲ ಪಕ್ಕದಿಂದ ಹೊತ್ತು ತಂದರು. ದಾರಿಯಲ್ಲಿದ್ದ ಕಸದ ಡಬ್ಬ ಸರಿಸಲು ಮಗಳೇ ಮುಂದೆ ಓಡಿದಳು, ಜರಿ ಸೀರೆ ಎತ್ತಿ ಹಿಡಿದುಕೊಂಡು. ಆ ಸೀರೆಯನ್ನು ಅವಳು ಮುಂಬಾಗಿಲಲ್ಲಿ ಕಲಶ ಹಿಡಿದು ನಿಲ್ಲಲು ತೆಗೆದಿಟ್ಟಿದ್ದಳು.

ಊಟಕ್ಕೆ ನನ್ನನ್ನೇ ಮೊದಲು ಕೂರಿಸಿದರು, ಹಿರಿಯಳು ಅಂತ. ಪಾಯಸ ಬಡಿಸಲು ಮಗಳು ಬಂದಳು. ಬೇಕಾ, ಸಾಕಾ ಕೇಳಲಿಲ್ಲ. ಎರಡು ಸೌಟು ಹಾಕಿ ಮುಂದಕ್ಕೆ ಹೋದಳು. ತಲೆ ಎತ್ತದೆ ತಿಂದೆ.