ಚಪ್ಪಲಿ ಕಾದವಳು

ಮರೆತುಬಿಡು, ಕ್ಷಮಿಸಿಬಿಡು ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಯಾರೂ ಕಡಲ ದಡದಲ್ಲಿ ಕೂತು ಇಡೀ ಕ್ಲಾಸಿನ ಚಪ್ಪಲಿ ಕಾದವರಲ್ಲ. ನಾನು ಕಾದಿದ್ದೇನೆ.

ನಮ್ಮಪ್ಪ ಟಿ. ನರಸೀಪುರದ ಸಂಗಮದಲ್ಲಿ ಹರಿಗೋಲು ನಡೆಸುತ್ತಿದ್ದ. ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ಅವನ ಕೆಲಸ. ಅವನದೊಂದು ಕಟ್ಟುನಿಟ್ಟಿತ್ತು. ಚಪ್ಪಲಿ ಮೆಟ್ಟಿಕೊಂಡು ಯಾರೂ ಹತ್ತಬಾರದು. ಹತ್ತುವ ಮುಂಚೆ ಬೊಗಸೆಯಲ್ಲಿ ನೀರೆತ್ತಿ, ತಲೆಗೆ ಚಿಮುಕಿಸಿಕೊಂಡು, ಒಂದು ಗುಟುಕು ಕುಡಿಯಬೇಕು. "ಯಾವ್ ನೀರೇ ಆಗ್ಲಿ ಕಣವ್ವ, ಇಳಿಯೋಕ್ ಮುಂಚೆ ತಾಯಿ ಅಪ್ಣೆ ಕೇಳ್ಬೇಕು," ಅನ್ನುತ್ತಿದ್ದ. ಸಂಗಮದ ಮಕ್ಕಳಿಗೆಲ್ಲ ಅದೇ ರೂಢಿ.

ತೊಂಬತ್ತರ ದಶಕದ ಮಾತು, ನಾನಾಗ ಒಂಬತ್ತನೇ ಕ್ಲಾಸು. ನಮ್ಮ ವಿಜ್ಞಾನದ ಮೇಷ್ಟ್ರು ಮಂಗಳೂರಿನ ಕಡೆಯ ಒಂದು ಬಂದರಿಗೆ ಪ್ರವಾಸ ಹೊರಡಿಸಿದರು. ಅಲ್ಲಿ ಮಕ್ಕಳನ್ನು ದೋಣಿಯಲ್ಲಿ ಕಡಲಿಗೆ ಕರೆದೊಯ್ದು, ಬಲೆ ಬಿಟ್ಟು ಎತ್ತಿ, ಸಿಕ್ಕ ಜೀವಿಗಳನ್ನು ಒಂದೊಂದಾಗಿ ತೋರಿಸಿ ಪಾಠ ಹೇಳುತ್ತಿದ್ದರು. ನನಗೆ ಅದೇ ಧ್ಯಾನ. ಪಠ್ಯಪುಸ್ತಕದಲ್ಲಿ ನಕ್ಷತ್ರ ಮೀನಿನ ಚಿತ್ರವಿತ್ತು. ಐದು ತೋಳು, ಅಷ್ಟೇ. ಬಾಯಿಯೇ ಕಾಣದ ಆ ಪ್ರಾಣಿ ಎಲ್ಲಿಂದ ತಿನ್ನುತ್ತದೆ? ಒಂದು ಸಲ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಬೇಕು ಅನ್ನುವ ಆಸೆಗೆ ಊಟ ಸೇರುತ್ತಿರಲಿಲ್ಲ. "ಇದ್ಯಾವ್ ಮೀನ್ ಹುಚ್ಚಮ್ಮಿ ನಿಂಗೆ, ಮನೇಲಿ ದಿನಾ ಮೀನ್ ನೋಡಿಲ್ವಾ?" ಎಂದು ಅವ್ವ ರೇಗುತ್ತಿದ್ದಳು.

ದೋಣಿಯ ಹತ್ತಿರ ಹೋದೆವು. ಚಪ್ಪಲಿ ಬಿಟ್ಟೆ, ಬಗ್ಗಿ ಬೊಗಸೆ ತುಂಬ ನೀರೆತ್ತಿದೆ, ಕುಡಿದೆ. ಹರಿಗೋಲಿನವನ ಮಗಳಾದ ನಾನು ಮಾಡಿದ್ದನ್ನು ನೋಡಿ ಉಳಿದವರೂ ಮಾಡಿದರು. ಅಯ್ಯೋ ನಮ್ಮ ಬುದ್ಧಿಗಿಷ್ಟು! ಸಮುದ್ರದ ನೀರು ಉಪ್ಪು ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸು ತೆಗೆದುಕೊಂಡವರೇ ಎಲ್ಲ. ಬೊಗಸೆಗೆ ಬಂದ ಮೇಲೆ ಅದು ನಮಗೆ ತೀರ್ಥವೇ. ಎಲ್ಲರೂ ಥೂ ಥೂ ಎಂದು ಉಗಿದರು. ಒಬ್ಬ ಹುಡುಗ ಬೆಳಿಗ್ಗೆ ತಿಂದ ಪುಳಿಯೋಗರೆಯನ್ನು ಮೇಷ್ಟ್ರ ಇಸ್ತ್ರಿ ಪ್ಯಾಂಟಿನ ಮೇಲೆಯೇ ಕಕ್ಕಿದ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಕಕ್ಕಿದವನು ಬಾಯೊರೆಸಿಕೊಂಡು ದೋಣಿ ಹತ್ತಿದ. ನನ್ನ ಕಿವಿ ಮೇಷ್ಟ್ರ ಕೈಯಲ್ಲಿತ್ತು.

"ಶುರು ಮಾಡಿದ್ದು ನೀನೇ ತಾನೇ? ನೀರು ನೋಡ್ಕೊಂಡೇ ಬೆಳೆದವಳಿಗೆ ದೋಣಿ ಬೇರೆ ಕೇಡು! ಚಪ್ಪಲಿ ಕಾಯೋಕೆ ನಂಬಿಕಸ್ಥರು ಬೇಕು. ಕೂತ್ಕೋ ಇಲ್ಲೇ."

"ಸಾ, ತಪ್ಪಾಯ್ತು ಸಾ, ಒಂದ್ ಮೂಲೇಲಿ ನಿಂತ್ಕತೀನಿ ಸಾ," ಎಂದು ಅಂಗಲಾಚಿದೆ. ದೋಣಿ ಹೊರಟೇಹೋಯಿತು. ಹವಾಯಿ ಚಪ್ಪಲಿಗಳ ರಾಶಿಯ ಪಕ್ಕ ಕೂತು, ದೋಣಿ ಚುಕ್ಕೆಯಾಗುವವರೆಗೂ ಅತ್ತೆ. ಆಮೇಲೆ ಅಳು ನಿಂತು ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇದೆ.

ಅವರು ಹಿಂದಿರುಗಿದಾಗ ಎಲ್ಲರ ಬಾಯಲ್ಲೂ ನಕ್ಷತ್ರ ಮೀನು. ಕೆಂಪಗಿತ್ತಂತೆ, ಒರಟಾಗಿತ್ತಂತೆ. ತಡೆಯಲಾರದೆ ಮೇಷ್ಟ್ರನ್ನೇ ಕೇಳಿದೆ. "ಸಾ, ಅದ್ಕೆ ಬಾಯಿ ಎಲ್ಲದೆ ಸಾ?"

ಅವರು ಮುಖ ಕೂಡ ಕೊಡಲಿಲ್ಲ. "ಚಪ್ಪಲಿ ಜೋಡಿ ಸರಿಯಾಗಿದಾವಾ, ಮೊದ್ಲು ಅದನ್ನ ನೋಡು," ಅಂದರು.

ಎಲ್ಲರೂ ಗೊಳ್ಳೆಂದು ನಕ್ಕರು. ಹತ್ತನೇ ಕ್ಲಾಸು ಮುಗಿಯುವ ತನಕ ಶಾಲೆಯಲ್ಲಿ ನನಗೆ 'ಚಪ್ಪಲಿ' ಎಂದೇ ಹೆಸರು.

ಹಟಕ್ಕೆ ಬಿದ್ದು ವಿಜ್ಞಾನವನ್ನೇ ಓದಿದೆ. ಎರಡು ಸಾವಿರದ ಈಚೆಗೆ ನಂಜನಗೂಡು ತಾಲ್ಲೂಕಿನ ಒಂದು ಹೈಸ್ಕೂಲಿಗೆ ಟೀಚರಾಗಿ ಬಂದೆ. ನನ್ನ ಕ್ಲಾಸಿನ ಮಕ್ಕಳನ್ನು ಅದೇ ಬಂದರಿಗೆ ಪ್ರವಾಸ ಹೊರಡಿಸಿದಾಗ ನಮ್ಮ ಹೆಡ್‌ಮಾಸ್ಟರು, "ನಮ್ಮ ಗುರುಗಳೊಬ್ಬರು ರಿಟೈರಾಗಿ ಇಲ್ಲೇ ಇದ್ದಾರೆ, ಅನುಭವಸ್ಥರು, ಜೊತೆಗೆ ಬರ್ತಾರೆ," ಅಂದರು. ಬಸ್ಸಿನ ಬಾಗಿಲಲ್ಲಿ ಟೋಪಿ ಹಾಕಿ, ಹೆಗಲಿಗೆ ದುರ್ಬೀನು ತೂಗುಹಾಕಿಕೊಂಡು ನಿಂತಿದ್ದವರು ಅವರೇ! ನನ್ನ ಗುರುತು ಅವರಿಗೆ ಹತ್ತಲಿಲ್ಲ. ನನ್ನ ಎದೆ ಹಬ್ಬದ ದಿನದ ತಮಟೆಯ ಹಾಗೆ ಹೊಡೆದುಕೊಂಡಿತು. ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ.

ದಾರಿಯುದ್ದಕ್ಕೂ ಅವರು ಮಕ್ಕಳಿಗೆ ಕಡಲ ಕತೆ ಹೇಳಿದರು. ಇನ್ನೊಂದು ಸಲ ದೋಣಿಯಲ್ಲಿ ಹೋಗಬೇಕೆಂದು ಎಷ್ಟೋ ವರ್ಷದ ಆಸೆ, ಸಾಯುವುದರೊಳಗೆ ಕೂಡಿಬಂತು ಎಂದರು. ಹೇಳಿ ಸಾ, ಇನ್ನಷ್ಟು ಹೇಳಿ, ಆಸೆ ಚೆನ್ನಾಗಿ ಬಲಿಯಲಿ ಎಂದುಕೊಂಡೆ.

ದೋಣಿಯ ಮುಂದೆ ಮಕ್ಕಳಿಂದ ಚಪ್ಪಲಿ ಬಿಡಿಸಿದೆ. "ನೀರನ್ನು ತಲೆಗೆ ಚಿಮುಕಿಸ್ಕೊಳ್ಳಿ, ಕುಡೀಬೇಡಿ," ಎಂದೆ. ಆದರೂ ಒಬ್ಬಳು ಕದ್ದು ನೆಕ್ಕಿ ಮುಖ ಕಿವುಚಿದಳು. ಮೇಷ್ಟ್ರು ದೋಣಿಗೆ ಒಂದು ಕಾಲಿಟ್ಟಿದ್ದರು.

"ಸಾ, ಒಂದು ನಿಮಿಷ," ಎಂದೆ. "ನೀವು ಕಡಲು ನೋಡಿದವರೇ. ಚಪ್ಪಲಿ ಕಾಯೋಕೆ ನಂಬಿಕಸ್ಥರು ಬೇಕು. ಇಲ್ಲೇ ಕೂತ್ಕೊಳ್ಳಿ."

"ನಾನಾ? ಅಲ್ಲಮ್ಮ, ಅಷ್ಟು ದೂರದಿಂದ ಬಂದು..."

"ನಾನೂ ಅಷ್ಟೇ ದೂರದಿಂದ ಬಂದಿದ್ದೀನಿ ಸಾ."

ಪ್ರವಾಸದ ಜವಾಬ್ದಾರಿ ನನ್ನದು. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು. ದೋಣಿ ಹೊರಟಾಗ ನಾನು ಕಡಲಿಗೆ ಬೆನ್ನು ಹಾಕಿ, ದಡ ಮರೆಯಾಗುವವರೆಗೂ ಅವರನ್ನೇ ನೋಡಿದೆ. ಚಪ್ಪಲಿಗಳ ಪಕ್ಕದಲ್ಲಿ ದುರ್ಬೀನು ಕಣ್ಣಿಗಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದರು. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಬಲೆ ಎತ್ತಿದರು. ಏಡಿ ಬಂತು, ಗಂಜಿ ಹೆಪ್ಪುಗಟ್ಟಿದಂತಹ ಲೋಳೆ ಮೀನು ಬಂತು, ಕೊನೆಗೆ ನಕ್ಷತ್ರ ಮೀನೂ ಬಂತು. ಪಾಠ ಹೇಳುವಾತ ಅದನ್ನು ನನ್ನ ಅಂಗೈಗೆ ಹಾಕಿ, ಮಗುಚಿ ತೋರಿಸಿದ. ಅಡಿಯಲ್ಲಿ, ಐದು ತೋಳೂ ಕೂಡುವ ಕಡೆ, ನಟ್ಟನಡುವೆ ಪುಟ್ಟ ಬಾಯಿ. ಓದಿ ತಿಳಿದದ್ದೇ. ಆದರೂ ಮಕ್ಕಳೆದುರಿಗೆ ಕಣ್ಣು ತುಂಬಿಬಂತು. ಅದನ್ನು ಮೆಲ್ಲಗೆ ನೀರಿಗೆ ಬಿಟ್ಟೆ.

ದಡಕ್ಕೆ ಬಂದೊಡನೆ ಮೇಷ್ಟ್ರು ಓಡಿಬಂದರು. "ನಕ್ಷತ್ರ ಮೀನು ಸಿಕ್ತೇನಮ್ಮ? ಮಗುಚಿ ನೋಡಿದ್ರಾ? ಬಾಯಿ ಎಲ್ಲಿರುತ್ತೆ? ಹಿಂದೆ ಒಬ್ಬಳು ಹುಡುಗಿ ಕೇಳಿದ್ಲು. ನಂಗೂ ಗೊತ್ತಿರ್ಲಿಲ್ಲ, ಏನೋ ಗದರಿಸಿ ಬಾಯಿ ಮುಚ್ಚಿಸಿದೆ. ಪುಸ್ತಕದಲ್ಲಿ ನೋಡ್ಕೋಬಹುದಿತ್ತು. ಯಾಕೋ, ಅವಳು ಕೇಳಿದ ಹಾಗೇ ಕಣ್ಣಾರೆ ನೋಡ್ಬೇಕು ಅಂತ ಬಂದೆ."

ಗೊತ್ತಿರಲಿಲ್ಲವಂತೆ! ಗೊತ್ತಿಲ್ಲ ಎನ್ನುವ ಒಂದು ಮಾತಿಗೆ ಎರಡು ವರ್ಷ ನಾನು ಚಪ್ಪಲಿಯಾದೆ.

"ಚಪ್ಪಲಿ ಜೋಡಿ ಸರಿಯಾಗಿದಾವಾ ಸಾ?" ಎಂದೆ. "ಮೊದ್ಲು ಅದನ್ನ ನೋಡಿ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಟೋಪಿ ತೆಗೆದರು. "ನೀನು... ಸಂಗಮದ..."

"ಊಂ ಸಾ. ಅರಿಗೋಲಿನೋನ್ ಮಗಳು."

ನೀರು ನೆಕ್ಕಿದ್ದ ಹುಡುಗಿ ಪಕ್ಕದಲ್ಲೇ ಇದ್ದಳು. "ತಾತ, ಬಾಯಿ ಅದ್ರ..." ಎಂದು ಶುರು ಮಾಡಿದಳು. ಅವಳ ಕೈ ಹಿಡಿದು ಬಸ್ಸಿನ ಕಡೆಗೆ ಎಳೆದುಕೊಂಡು ಹೋದೆ.