ಬಾಬುವಿನ ಗಂಜಿ ಪುಸ್ತಕ

ಹೀರಾ ಹರಿಕಂತ್ರ ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತು ಇಪ್ಪತ್ತಾರು ವರ್ಷವಾಯಿತು. ಬಂಗಡೆಯ ಕಿವಿರು ಎತ್ತಿ ಒಮ್ಮೆ ನೋಡಿದರೆ ಸಾಕು, ಇವತ್ತಿನದೋ ಮೊನ್ನೆಯದೋ ಹೇಳುತ್ತಾಳೆ. ಮನುಷ್ಯರ ವಿಷಯದಲ್ಲೂ ತನಗೆ ಅಷ್ಟೇ ಕಣ್ಣಿದೆ ಎಂಬುದು ಅವಳ ನಂಬಿಕೆ. ಹಳೇ ಮೀನಿಗೆ ಐಸ್ ಸುರಿದು ಹೊಸದೆಂದು ಮಾರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಅವರಿಗಿಂತಲೂ ಕಡೆಯಾಗಿ ಅವಳು ನೋಡುವುದು ಸ್ವಂತ ಗಂಡನನ್ನು.

ಗಂಡ ಬಾಬು ಬೇಲೇಕೇರಿ ಬಂದರಿನಲ್ಲಿ ಮೀನು ಹರಾಜು ಕೂಗುವವ. ಎರಡು ವರ್ಷದಿಂದ ಅವನಿಗೆ ಎದೆಯುರಿ, ಹುಳಿತೇಗು. ಹೊಟ್ಟೆಯದ್ದೆಲ್ಲ ಮೇಲೆ ಬಂದು ಬಂದು ಗಂಟಲು ಸುಟ್ಟು, ಈಗ ಕೂಗಿದರೆ ತಗಡು ಉಜ್ಜಿದ ಸದ್ದು. ಗುಳಿಗೆ ನುಂಗಿಯಾಯಿತು, ಪೈಪ್ ಇಳಿಸಿ ನೋಡಿಯಾಯಿತು. ಕೊನೆಗೆ ಅಂಕೋಲೆಯ ಡಾಕ್ಟರು, ಕಾರವಾರಕ್ಕೆ ತಿಂಗಳಿಗೊಮ್ಮೆ ಬರುವ ಸರ್ಜನ್‌ಗೆ ಚೀಟಿ ಬರೆದುಕೊಟ್ಟರು. ಆಪರೇಷನ್ ಬೇಕೋ ಬೇಡವೋ ಅವರೇ ಹೇಳಬೇಕು. ಅದಕ್ಕೆ ಮೊದಲು ಹದಿನೈದು ದಿನ ಏನು ತಿಂದೆ, ಯಾವಾಗ ಉರಿಯಿತು, ಎಲ್ಲ ಒಂದು ಪುಸ್ತಕದಲ್ಲಿ ಬರೆದು ತರಬೇಕು.

ಬಾಬುವಿಗೋ ಆಪರೇಷನ್ ಬೇಕೇ ಬೇಕು. ಹೊಟ್ಟೆಯನ್ನು ಒಮ್ಮೆ ಹೊಲಿದುಬಿಟ್ಟರೆ ಆಮೇಲೆ ಏನು ಬೇಕಾದರೂ ತಿನ್ನಬಹುದು ಎಂದು ಬಂದರಿನಲ್ಲಿ ಯಾರೋ ತಲೆಗೆ ತುಂಬಿದ್ದರು.

"ಹೊಲಿಯೂದು ಹೊಟ್ಟೆಗಲ್ಲ, ನಿನ್ನ ಬಾಯಿಗೆ," ಎಂದಳು ಹೀರಾ.

ಮಗಳು ಪ್ರಗತಿಯ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಹುಡುಕಿ ಅವನು ಬರೆಯಲು ಕೂತ. ಸೋಮವಾರ, ಗಂಜಿ. ಮಂಗಳವಾರ, ಗಂಜಿ, ಹೆಸರುಬೇಳೆ ತೊವ್ವೆ. ಬುಧವಾರ, ಗಂಜಿ. ಜನ್ಮದಲ್ಲಿ ತೊವ್ವೆ ಮುಟ್ಟಿದ ಮನುಷ್ಯನಲ್ಲ! ಬುಧವಾರ ಅವನು ತಿಂದದ್ದು ಒಣ ಸೀಗಡಿ ಚಟ್ನಿ ಕಲಸಿದ ಅನ್ನ, ಐದು ಹುರಿದ ತಾರ್ಲೆ ಮೀನು, ಸಂಜೆ ಬೀರಿಯ ಗೂಡಂಗಡಿಯ ಮೆಣಸಿನಕಾಯಿ ಬಜ್ಜಿ. ಹಾಳೆಯ ಮೇಲೆ ಬಜ್ಜಿಯ ಎಣ್ಣೆ ಕಲೆ, ಕಲೆಯ ಮೇಲೆಯೇ 'ಗಂಜಿ' ಎಂಬ ಅಕ್ಷರ. ನೋಡಿ ಹೀರಾಳಿಗೆ ಹೇಸಿಗೆಯಾಯಿತು. ಸುಳ್ಳು ಹೇಳುವುದಕ್ಕಾದರೂ ಒಂದು ಹದ ಬೇಡವೇ?

"ಇದನ್ನ ನಂಬ್ಕೊಂಡು ಡಾಕ್ಟರು ಹೊಟ್ಟೆಗೆ ಕತ್ತಿ ಹಾಕಿದ್ರೆ ಎಂತಾ ಮಾಡ್ತೀ?"

"ಖರೆ ಬರೆದ್ರೆ ಬೈತ್ರು ಮಾರಾಯ್ತಿ. ಮೊದ್ಲು ತಿನ್ನೂದು ಬಿಡು ಅಂತ್ರು."

ಹೀರಾಳಿಗೆ ಹೆದರಿಕೆಯಿತ್ತು. ಕೊಯ್ಯಬೇಕಾಗಿಲ್ಲದ ಹೊಟ್ಟೆಯನ್ನು ಈ ದರಿದ್ರ ಪುಸ್ತಕ ನಂಬಿ ಕೊಯ್ದುಬಿಟ್ಟರೆ? ಹೆದರಿಕೆ ತೋರಿಸುವ ಜಾಯಮಾನ ಅವಳದ್ದಲ್ಲ. ಅವಳೂ ಒಂದು ನೋಟ್‌ಬುಕ್ ತಂದು, ಏಳನೇ ಇಯತ್ತೆಯವರೆಗೆ ಕಲಿತ ದುಂಡು ಅಕ್ಷರದಲ್ಲಿ ಗಂಡ ತಿಂದ ಒಂದೊಂದು ತುಂಡನ್ನೂ, ಉರಿ ಬಂದ ಹೊತ್ತನ್ನೂ ಗುಟ್ಟಾಗಿ ಬರೆದಿಟ್ಟಳು. ಕಾಣದೆ ತಿಂದ ಬಜ್ಜಿಯನ್ನು ಬೀರಿಯ ಹತ್ತಿರ ಕೇಳಿ ಬರೆದಳು. ಜ್ವರ ಬಂದು ಅವನು ನಿಜವಾಗಿಯೂ ಗಂಜಿ ಕುಡಿದ ಒಂದು ದಿನವನ್ನೂ ಬಿಡಲಿಲ್ಲ. ಇಷ್ಟೆಲ್ಲ ಮಾಡಿ, ರಾತ್ರಿ ಎದೆ ಹಿಡಿದು ಕೂತವನಿಗೆ ಕೋಕಂ ಸಿಪ್ಪೆ ಕಿವುಚಿ ಕಡಿ ಮಾಡಿ ದೊಡ್ಡ ಲೋಟ ತುಂಬಿಸಿ ಕೊಡುವವಳೂ ಅವಳೇ. ಪಿತ್ತ ಇಳಿಸಲು ಅವಳ ತಾಯಿ, ಅಜ್ಜಿ ಎಲ್ಲ ಕೊಟ್ಟದ್ದು ಅದನ್ನೇ. ಈ ಹೊಟ್ಟೆಬಾಕ ಇನ್ನೂ ಓಡಾಡಿಕೊಂಡಿದ್ದರೆ ಅದು ತನ್ನ ಕೈಯ ಕಡಿಯಿಂದ ಎಂದು ಅವಳು ಪೇಟೆಯಲ್ಲೂ ಹೇಳಿಕೊಂಡಿದ್ದಳು.

ಸರ್ಜನ್ ಬರುವ ಶನಿವಾರ ಬೆಳಿಗ್ಗೆ ಬಾಬು ಹೆಣ್ಣು ನೋಡಲು ಹೊರಟವನ ಹಾಗೆ ಇಸ್ತ್ರಿ ಅಂಗಿ ತೊಟ್ಟ. ಕಾರವಾರದ ಬಸ್ಸು ತೋಡೂರು ದಾಟುವವರೆಗೂ ಬಾಯಿಪಾಠ ಮಾಡಿದ: "ಬರೀ ಗಂಜಿ ಸಾಹೇಬ್ರೆ, ಆದ್ರೂ ಉರಿ." ಹೀರಾ ಕಿಟಕಿಯ ಕಡೆ ಮುಖ ತಿರುಗಿಸಿ ಚೀಲವನ್ನು ಮಡಿಲಿಗೆ ಒತ್ತಿಕೊಂಡಳು.

ಸರ್ಜನ್ ಗಂಜಿ ಪುಸ್ತಕ ಓದಿ ಕನ್ನಡಕದ ಮೇಲಿಂದ ಬಾಬುವನ್ನು ನೋಡಿದರು. ಇದೇ ಹೊತ್ತಿಗೆ ಕಾದಿದ್ದ ಹೀರಾ ತನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಬಾಬುವಿನ ಮುಖ ಇಷ್ಟೇ ಇಷ್ಟಾಯಿತು. ಸರ್ಜನ್ ಹಾಳೆ ತಿರುವಿ, "ಇದು ಪುಸ್ತಕ ಅಂದ್ರೆ," ಎಂದರು. ಹೀರಾ ಸೆರಗು ಸರಿಮಾಡಿಕೊಂಡಳು.

"ಆದರೆ ಇದೇನು? ಬಜ್ಜಿ ತಿಂದ ದಿನವೂ, ಬರೀ ಗಂಜಿ ಕುಡಿದ ದಿನವೂ ಮಲಗಿದ ಮೇಲೆ ಉರಿ ಒಂದೇ ಥರ ಇದೆ. ಮಲಗುವ ಮುಂಚೆ ಏನಾದರೂ ತಗೊಳ್ತಾರಾ?"

"ಎಂತದೂ ಇಲ್ಲ," ಎಂದ ಬಾಬು.

"ಇಲ್ಲ ಅಂದ್ರೆ ಹ್ಯಾಂಗೆ? ದಿನಾ ರಾತ್ರಿ ನಾ ಕಡಿ ಕೊಡ್ತೆ ಅಲ್ಲ!" ಇಲ್ಲೂ ಸುಳ್ಳೇ ಎಂದು ಹೀರಾ ರೇಗಿದಳು.

"ಬರೆದಿಲ್ಲವಲ್ಲ?"

"ಅದು ಊಟ ಅಲ್ಲ ಸಾಹೇಬ್ರೆ, ಮದ್ದು."

ಏನೇನು ಹಾಕುತ್ತೀರಿ ಎಂದು ಅವರು ಕೇಳಿದರು. ಹೀರಾ ಹೆಮ್ಮೆಯಿಂದಲೇ ಶುರುಮಾಡಿದಳು. ಕೋಕಂ ಸಿಪ್ಪೆ ಒಂದು ಮುಷ್ಟಿ, ಉರಿ ಜಾಸ್ತಿಯಿದ್ದರೆ ಎರಡು. ತೆಂಗಿನ ಹಾಲು. ಬೆಳ್ಳುಳ್ಳಿ. ಹಸಿಮೆಣಸು ಮೂರು. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಕುಡಿದವನು ಆಮೇಲೆ ಏನು ಮಾಡುತ್ತಾನೆ ಎಂದು ಕೇಳಿದ್ದಕ್ಕೆ, ಮಲಗುತ್ತಾನೆ ಎಂದಳು.

ಸರ್ಜನ್ ಪೆನ್ನು ಕೆಳಗಿಟ್ಟರು. ಮಲಗುವ ಹೊತ್ತಿಗೆ ದಿನಾ ಇಷ್ಟು ಹುಳಿ, ಇಷ್ಟು ಖಾರ ಕುಡಿಸಿದರೆ ಉರಿಯದೆ ಏನಾಗುತ್ತದೆ ಎಂದರು. ಬಜ್ಜಿಯ ಜೊತೆ ಇದನ್ನೂ ಎರಡು ತಿಂಗಳು ಬಿಟ್ಟು ಬನ್ನಿ, ಆಮೇಲೂ ಉರಿದರೆ ಇನ್ನಷ್ಟು ಪರೀಕ್ಷೆ ಮಾಡಿ ಆಪರೇಷನ್ ಮಾತು. "ಎಷ್ಟು ದಿನದಿಂದ ಕೊಡ್ತಿದ್ದೀರಮ್ಮ ಇದನ್ನ?"

ಉರಿ ಶುರುವಾದಂದಿನಿಂದ. ಎರಡು ವರ್ಷ. ಹೀರಾ ತನ್ನ ಪುಸ್ತಕವನ್ನು ಮೇಜಿನಿಂದ ಎಳೆದುಕೊಂಡಳು.

ಬಾಬು ಕುರ್ಚಿಯಲ್ಲಿ ಮುಂದೆ ಸರಿದ. "ಇವ್ಳು ಬ್ಯಾಡ ಬ್ಯಾಡ ಅಂತಿದ್ಳು ಸಾಹೇಬ್ರೆ. ನಾನೇ ಹಟ ಮಾಡಿ ಕುಡೀತಿದ್ದೆ," ಎಂದ ಆ ತಗಡಿನ ದನಿಯಲ್ಲಿ.

ಹಸಿ ಸುಳ್ಳು. ಈ ಮನುಷ್ಯನ ಅಷ್ಟೂ ಸುಳ್ಳಿನ ಕಿವಿರು ಎತ್ತಿ ಊರಿಗೆ ತೋರಿಸಿದವಳಿಗೆ ಇದೊಂದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಈ ಸಲ ಹೇಸಿಗೆಯಾದದ್ದು ತನ್ನ ಮೇಲೆಯೇ.

ಹೊರಗಿನ ಬೆಂಚಿನ ಮೇಲೆ ಕೂತು ಅವಳು ನೋಟ್‌ಬುಕ್ ತೆರೆದಳು.

"ಮತ್ತೆಂತಾ ಬರೀತೀ? ಬಸ್ ಬಂತು," ಎಂದ ಬಾಬು.

ಹೀರಾ ತಲೆ ಎತ್ತಲಿಲ್ಲ. ಹದಿನೈದು ದಿನಗಳಲ್ಲಿ ಒಂದೊಂದರ ಕೆಳಗೂ ಅದೇ ದುಂಡು ಅಕ್ಷರದಲ್ಲಿ ಬರೆಯುತ್ತ ಹೋದಳು: ರಾತ್ರಿ, ಕೋಕಂ ಕಡಿ, ಕೊಟ್ಟವಳು ಹೀರಾ.