ಪಾಲಹಳ್ಳಿ ಸೋಮಯ್ಯ ಊದಿದ ಉಸಿರು

ಪಾಲಹಳ್ಳಿಯ ಸೋಮಯ್ಯನಿಗೆ ಐವತ್ತೆಂಟು ವರ್ಷ. ಹದಿನೆಂಟರಿಂದಲೂ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವುದೇ ಅವನ ಕೆಲಸ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪಾಗುತ್ತ ಬಂದಂತೆ ಬಿಳಿ ಹಬೆ ಎದ್ದು ಚಪ್ಪರವನ್ನೆಲ್ಲ ತುಂಬುತ್ತಿತ್ತು. ಅದರೊಳಗೆ ಮನುಷ್ಯರು ಅರ್ಧಂಬರ್ಧ ಕಾಣುತ್ತಿದ್ದರು, ಒಬ್ಬನ ಕೈ, ಇನ್ನೊಬ್ಬನ ರುಮಾಲು. ಸೋಮಯ್ಯ ಅರೆಗಣ್ಣು ಮುಚ್ಚಿ ನಿಂತು, ಬೆರಳ ತುದಿಯಲ್ಲಿ ಪಾಕ ಎಳೆದು ನೋಡಿ, ಸುಡುತ್ತಿರುವಾಗಲೇ ಬಾಯಿಗಿಟ್ಟು ‘ಇಳಿಸ್ರಪ್ಪ’ ಎನ್ನುತ್ತಿದ್ದ. ಟೀ ಕೂಡ ಕುದಿಯುವುದೇ ಬೇಕು. ದಿನಕ್ಕೊಂದು ಕಟ್ಟು ಬೀಡಿ. ಕಾಯಿಲೆ ಎಂದು ಮಲಗಿದವನಲ್ಲ.

ಎದೆಯುರಿ ಇದ್ದದ್ದು ಹೆಂಡತಿ ಸಿದ್ದಲಿಂಗಮ್ಮನಿಗೆ. ಸೋಮಯ್ಯನ ಅಣ್ಣನ ಮಗಳು ರಂಜಿತ ಪಾಂಡವಪುರದಲ್ಲಿ ಲ್ಯಾಬ್ ಕೆಲಸದಲ್ಲಿದ್ದಳು. ಅಲ್ಲೊಂದು ಸಂಶೋಧನೆ ನಡೆಯುತ್ತಿತ್ತು. ಉಸಿರಿನ ಜೊತೆ ಹೊರಬರುವ ಕಣ್ಣಿಗೆ ಕಾಣದ ಆವಿಗಳನ್ನು ಯಂತ್ರದಲ್ಲಿ ಅಳೆದು, ಅನ್ನನಾಳದ ಕ್ಯಾನ್ಸರನ್ನು ಶುರುವಿನಲ್ಲೇ ಹಿಡಿಯಲು ಆಗುತ್ತದೆಯೇ ಎಂದು ನೋಡುತ್ತಿದ್ದರು.

‘ಚಿಕ್ಕಮ್ಮನ್ನ ಕರ್ಕೊಂಡು ಬಾ ಚಿಕ್ಕಪ್ಪ. ನೀನೂ ಊದು. ಏನೂ ತೊಂದ್ರೆ ಇಲ್ದೋರ ಉಸ್ರೂ ಬೇಕು, ಹೋಲ್ಸಿ ನೋಡೋಕೆ’ ಎಂದಳು ರಂಜಿತ.

‘ನನ್ನ ಉಸ್ರಲ್ಲಿ ಬೀಡಿ ವಾಸ್ನೆ ಬುಟ್ರೆ ಇನ್ನೇನವ್ವ ಇರ್ತದೆ?’

‘ಅದ್ಕೇ ಅವತ್ತು ಬೀಡಿ ಮುಟ್ಟದೆ ಬಾ ಅನ್ನದು.’

ಬರಿಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹತ್ತಿ ಹೋದರು. ನಾಲೆಯ ಮೇಲೆ ಇನ್ನೂ ಮಂಜಿತ್ತು. ಬಾಯಿ ಮುಕ್ಕಳಿಸಲು ಹೇಳಿ, ಒಂದು ಕೋಣೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಿಸಿದರು. ಹಸಿವಿಗೋ, ಅಲ್ಲಿಯ ನಿಶ್ಶಬ್ದಕ್ಕೋ, ಸೋಮಯ್ಯನ ಮೈ ಹಗುರವಾಯಿತು. ರಂಜಿತ ಕೊಟ್ಟ ಕೊಳವೆಯನ್ನು ಬಾಯಿಗಿಟ್ಟುಕೊಂಡು ಮೆಲ್ಲಗೆ ಊದಿದ. ತುದಿಯಲ್ಲಿದ್ದ ಚೀಲ ಉಬ್ಬುತ್ತ ಹೋಯಿತು. ತನ್ನೊಳಗಿದ್ದದ್ದು ಹೊರಗೆ ಹೀಗೊಂದು ಆಕಾರ ತಾಳಿ ನಿಲ್ಲುತ್ತದೆಂದು ಅವನು ನೆನೆಸಿರಲೇ ಇಲ್ಲ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕುಳಿತ.

ಮೂರು ವಾರ ಕಳೆದ ಮೇಲೆ ರಂಜಿತ ಆಲೆಮನೆಗೇ ಬಂದಳು. ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ, ದನಿಯಷ್ಟೇ ಕೇಳಿತು.

‘ಚಿಕ್ಕಮ್ಮಂದು ಸರ್ಯಾಗೇ ಅದೆ. ನಿಂದು ಒಂದ್ಸಲ ಗಂಟ್ಲೊಳ್ಗೆ ಕ್ಯಾಮ್ರಾ ಬುಟ್ಟು ನೋಡ್ಬೇಕಂತೆ.’

‘ಅದ್ಲುಬದ್ಲಾಗಿರ್ಬೇಕು ಕಣವ್ವ.’

‘ನಾನೂ ಅಂಗೇ ಅನ್ಕಂಡು ಎರಡ್ಸಲ ನೋಡ್ದೆ.’

ಸೋಮಯ್ಯ ಹೋಗಲಿಲ್ಲ. ಎರಡು ವಾರ ತಳ್ಳಿದ. ಮುದ್ದೆ ಸಲೀಸಾಗಿ ಇಳಿಯುತ್ತಿರುವಾಗ ಗಂಟಲೊಳಗೆ ಏನಿರಲು ಸಾಧ್ಯ? ಆದರೂ ಪ್ರತಿ ತುತ್ತನ್ನೂ ಈಗ ಗಮನಿಸುತ್ತಿದ್ದ. ಒಂದು ಮಧ್ಯಾಹ್ನ ತುತ್ತು ಕೈಯಲ್ಲೇ ನಿಂತುಬಿಟ್ಟಿತು. ಎದುರಿಗೆ ಕೂತಿದ್ದ ಸಿದ್ದಲಿಂಗಮ್ಮ ಅದನ್ನು ಕಂಡಳು.

‘ನುಂಗಕ್ಕಾಗಲ್ಲ ಅನ್ನೋಗಂಟ ಕಾಯ್ಬೇಕಾ? ಅವತ್ತು ನನ್ ಜೊತೆಗೆ ಅಂತ ಬಂದ್ರಿ. ಈಗ ನಿಮ್ ಜೊತೆ ನಾನ್ ಬತ್ತೀನಿ, ಎದ್ದೇಳಿ.’

ಮೈಸೂರಿನ ಆಸ್ಪತ್ರೆಯಲ್ಲಿ ತನುಶ್ರೀ ಎಂಬ ಡಾಕ್ಟರು ಮೊದಲೇ ಬಿಡಿಸಿ ಹೇಳಿದರು. ‘ಉಸಿರು ನೋಡಿ ಕಾಯಿಲೆ ಇದೆ ಅಂತ ಹೇಳೋಕಾಗಲ್ಲ. ಒಳಗೆ ನೋಡೋದು ಒಳ್ಳೇದು ಅಂತಷ್ಟೇ ಅದು ಹೇಳೋದು. ಈ ಪರೀಕ್ಷೆ ಇನ್ನೂ ಪರೀಕ್ಷೆಯಲ್ಲೇ ಇದೆ.’ ಗಂಟಲೊಳಗೆ ಕ್ಯಾಮೆರಾ ಇಳಿಸಿದಾಗ ಅನ್ನನಾಳದ ಕೆಳಭಾಗದಲ್ಲಿ ಉಗುರಿನಗಲದ ಕೆಂಪು ಮಚ್ಚೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ. ಆದರೆ ಮೇಲ್ಪದರ ದಾಟಿರಲಿಲ್ಲ. ಎದೆ ಕೊಯ್ಯದೆ ಬಾಯಿಯ ಮೂಲಕವೇ ತೆಗೆಯಬಹುದೆಂದರು.

ಮಚ್ಚೆ ತೆಗೆಯುವ ದಿನ ಮತ್ತಿನ ಮದ್ದು ಕೊಟ್ಟ ಮೇಲೆ ಸೋಮಯ್ಯ ಕಬ್ಬಿನ ಗದ್ದೆಯೊಳಗೆ ನಡೆಯುತ್ತಿದ್ದ. ತಲೆಯ ಮೇಲೆಲ್ಲ ಬಿಳಿಯ ಸೂಲಂಗಿ ಹೂಗಳು. ಗಾಳಿ ಇರಲಿಲ್ಲ, ಆದರೂ ಅವು ತೂಗುತ್ತಿದ್ದವು. ದಾರಿ ಮುಗಿಯುತ್ತಿರಲಿಲ್ಲ, ಮುಗಿಯಬೇಕೆಂದೂ ಅವನಿಗೆ ಅನ್ನಿಸಲಿಲ್ಲ. ಎಲ್ಲೋ ದೂರದಿಂದ ‘ಇವ್ರೇ, ಕಣ್ಬುಡಿ’ ಎಂಬ ದನಿ ಬಂತು. ಕಣ್ಣು ಬಿಟ್ಟ. ಸಿದ್ದಲಿಂಗಮ್ಮ ಅವನ ಪಾದ ತಿಕ್ಕುತ್ತ ಕೂತಿದ್ದಳು.

ವರ್ಷ ಕಳೆಯಿತು. ಆಗಾಗ ಕ್ಯಾಮೆರಾ ಇಳಿಸಿ ನೋಡಿದರು, ಮಚ್ಚೆ ಮತ್ತೆ ಬಂದಿರಲಿಲ್ಲ. ಬೀಡಿ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಸಲ ಸೋತು ಮೂರನೆಯ ಸಲ ಗೆದ್ದ. ಸಂಶೋಧನೆಯವರು ನಾಗಮಂಗಲದಲ್ಲಿ ಕ್ಯಾಂಪು ಮಾಡಿದಾಗ ಅಲ್ಲೇ ಹತ್ತಿರದ ದೇವಲಾಪುರಕ್ಕೆ ಹೋಗಿ, ಹೆಂಡತಿಯ ತಮ್ಮ ಚಿಕ್ಕಮಾದಯ್ಯನನ್ನು ಹಟ ಹಿಡಿದು ಹೊರಡಿಸಿದ. ಅವನ ಉಸಿರೂ ‘ಒಳಗೆ ನೋಡಿ’ ಎಂದೇ ಹೇಳಿತು. ಮೈಸೂರಿನಲ್ಲಿ ನೋಡಿದರೆ ಏನೂ ಇರಲಿಲ್ಲ.

‘ಹದಿನೈದು ದಿನ ನಿದ್ದೆಗೆಡಿಸ್ಬುಟ್ಯಲ್ಲ ಬಾವ’ ಎಂದು ಚಿಕ್ಕಮಾದಯ್ಯ ಊರಿಗೆ ಮರಳುವ ಬಸ್ಸಿನಲ್ಲಿ ಬೈಯತೊಡಗಿದ.

‘ಬೈಯ್ಯಿ ಕಣ್ಲಾ, ಚೆನ್ನಾಗಿ ಬೈಯ್ಯಿ’ ಎಂದು ಸೋಮಯ್ಯ ನಕ್ಕ. ಆ ಬೈಗುಳ ಅವನಿಗೆ ಹಿತವಾಗಿತ್ತು.

ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಚಿಕ್ಕಮಾದಯ್ಯ ಭುಜಕ್ಕೊರಗಿ ಗಾಢ ನಿದ್ದೆಗೆ ಜಾರಿದ್ದ. ಪಾಲಹಳ್ಳಿಗೆ ಹೋಗಲು ಸೋಮಯ್ಯ ಇಳಿಯಬೇಕಾದದ್ದು ಅಲ್ಲೇ. ಹೊಳೆಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಅಲುಗಾಡಿದರೆ ಇವನಿಗೆ ಎಚ್ಚರವಾದೀತೆಂದು ಹಾಗೆಯೇ ಕೂತ. ಕಂಡಕ್ಟರು ಹತ್ತಿರ ಬಂದಾಗ, ನಾಗಮಂಗಲದವರೆಗೂ ಟಿಕೆಟ್ಟು ಕೊಡಪ್ಪ ಎಂದು ಪಿಸುದನಿಯಲ್ಲಿ ಕೇಳಿದ.